ಹಟ್ಟಿಯಲ್ಲೊಂದು ದೋಣಿ

ಹೋದ ಡಿಸೆಂಬರ್ ಕೊನೆಯಲ್ಲಿ, ಕೆಲಸವಿಲ್ಲದ ಒಂದು ಸಂಜೆ, ನನ್ನ ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ವರ್ಷದಲ್ಲಿ ಎಷ್ಟು ಹೊತ್ತು ನೀರಿನ ಮೇಲಿತ್ತು ಅಂತ ಲೆಕ್ಕ ಹಾಕಿದೆ. ಹೊಳೆಗೆ ಹೋದ ದಿನ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡುವ ಅಭ್ಯಾಸ ನನಗಿದೆ. 58 ಸುತ್ತು ಸಿಕ್ಕಿತು. ಸಲಕ್ಕೆ ಎರಡು ಗಂಟೆ ಅಂದರೂ 116 ಗಂಟೆ. ವರ್ಷಕ್ಕೆ ಇರುವುದು 8,760 ಗಂಟೆ. ಉಳಿದ 8,644 ಗಂಟೆ ಅದು ನಮ್ಮನೆ ಹಟ್ಟಿಯಲ್ಲಿ, ಮೊದಲು ದನ ಕಟ್ಟುತ್ತಿದ್ದ ಗೂಟದ ಪಕ್ಕ, ಗೋಡೆಗೆ ಒರಗಿ ಮಲಗಿತ್ತು.

ಕಯಾಕ್ ಕೊಳ್ಳುವ ಮೊದಲೇ ಈ ಲೆಕ್ಕ ಹಾಕಿದ್ದರೆ ಮೂವತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು. ಬೆನ್ನೂ ಉಳಿಯುತ್ತಿತ್ತು.

ನಮ್ಮ ಮನೆ ಸೀತಾನದಿಯ ಹಿನ್ನೀರಿನ ಬದಿ. ಉಡುಪಿ ಜಿಲ್ಲೆಯ ಸಾಲಿಗ್ರಾಮ, ಹಂಗಾರಕಟ್ಟೆ ಕಡೆ ಬಂದವರಿಗೆ ಜಾಗದ ಅಂದಾಜು ಸಿಗುತ್ತೆ. ಘಟ್ಟದಿಂದ ಇಳಿದು ಬರುವ ಸೀತೆ ಇಲ್ಲಿ ಅವಸರ ಬಿಟ್ಟು ಅಗಲವಾಗುತ್ತಾಳೆ. ಕುದ್ರು ಅನ್ನುವ ಸಣ್ಣ ದ್ವೀಪಗಳ ನಡುವೆ ಸುತ್ತಾಡಿ, ಸುವರ್ಣೆಯ ಜೊತೆ ಸೇರಿ, ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುತ್ತಾಳೆ. 2020ರಲ್ಲಿ ಎಲ್ಲರಂತೆ ನಾನೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಂಗಳೂರಿನಿಂದ ಊರಿಗೆ ಬಂದೆ. ಎಲ್ಲರೂ ವಾಪಸು ಹೋದ ಮೇಲೂ ಉಳಿದೆ. ಬೆಳಿಗ್ಗೆ ಚಾ ಕುಡಿಯುತ್ತಾ ಹೊಳೆ ನೋಡುತ್ತಾ ಕೂತರೆ, ಪಾರಂಪಳ್ಳಿ ಕಡೆಯಿಂದ ಬಾಡಿಗೆ ಕಯಾಕ್‌ಗಳಲ್ಲಿ ಪ್ರವಾಸಿಗರು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಸಂದಿಗೆ ನುಗ್ಗುವುದು ಕಾಣುತ್ತಿತ್ತು. ಹೊಳೆ ನಮ್ಮ ಮನೆ ಮುಂದಿನದು, ಮಜಾ ಮಾತ್ರ ಬೆಂಗಳೂರಿನವರಿಗೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಎರಡು ಸಲ ಬಾಡಿಗೆಗೆ ತಗೊಂಡು ಹೋಗಿ ಬಂದೆ. ಹತ್ತು ಸಲ ಹೋಗಬೇಕಿತ್ತು, ಬೇರೆ ಬೇರೆ ಥರದ್ದರಲ್ಲಿ ಕೂತು ನೋಡಬೇಕಿತ್ತು. ಎರಡೇ ಸಲಕ್ಕೆ ನನಗೆಲ್ಲ ಗೊತ್ತಾಯಿತು ಅನಿಸಿಬಿಟ್ಟಿತು. ಉಳಿದದ್ದನ್ನು ರಾತ್ರಿ ಹೊತ್ತು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಎಡವಟ್ಟು ಶುರುವಾದದ್ದೇ ಅಲ್ಲಿ. ಆ ವಿಡಿಯೋ ಮಾಡಿದವರೆಲ್ಲ ಚಳಿ ದೇಶದವರು. ಅವರ ಸರೋವರಕ್ಕೆ ಬಿದ್ದರೆ ಮೈ ಮರಗಟ್ಟುತ್ತೆ. ಹಾಗಾಗಿ ಕಾಲು ಒಳಗಿಟ್ಟು, ಸೊಂಟದವರೆಗೂ ಮುಚ್ಚಿಕೊಂಡು ಕೂರುವ ಕಯಾಕ್ ಅವರಿಗೆ ಬೇಕು. ಒಳಗೆ ಕೂರುವ ಕಯಾಕೇ ನಿಜವಾದ ಕಯಾಕ್, ಮೇಲೆ ಕೂರುವಂಥದ್ದು ಬೀಚಿನಲ್ಲಿ ಮಕ್ಕಳು ಆಡುವ ಸಾಮಾನು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮೂಲದ ಕಯಾಕ್ ಹಾಗೇ ಇತ್ತು ಅನ್ನುವುದೂ ನಿಜ. ಗ್ರೀನ್‌ಲ್ಯಾಂಡಿನ ಇನ್ಯೂಯಿಟ್ ಬೇಟೆಗಾರರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದು ಮಾಡಿಕೊಳ್ಳುತ್ತಿದ್ದ ದೋಣಿ ಅದು. ಅಳತೆಗೆ ಟೇಪು ಇಲ್ಲ, ಅವರವರ ಮೈಯೇ ಅಳತೆ. ಎರಡೂ ಕೈ ಚಾಚಿದರೆ ಎಷ್ಟೋ ಅದರ ಮೂರರಷ್ಟು ಉದ್ದ, ಸೊಂಟದ ಅಗಲದ ಮೇಲೆ ಎರಡು ಮುಷ್ಟಿಯಷ್ಟು ಅಗಲ. ಒಬ್ಬನ ಕಯಾಕ್ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ, ದರ್ಜಿ ಹೊಲಿದ ಅಂಗಿಯ ಹಾಗೆ. ಇದನ್ನು ಓದಿ ನಾನೂ ಕನ್ನಡಿ ಮುಂದೆ ನಿಂತು ಸೊಂಟ ಅಳೆದುಕೊಂಡೆ. ಅಳೆಯಬೇಕಿದ್ದದ್ದು ಹಟ್ಟಿಯ ಬಾಗಿಲನ್ನು, ತೋಟದ ದಾರಿಯನ್ನು. ಅದು ಆಗ ಹೊಳೆಯಲಿಲ್ಲ.

ಮೊದಲನೆಯದು ಸೆಕೆಂಡ್ ಹ್ಯಾಂಡ್. 12 ಅಡಿ ಉದ್ದ, ಒಳಗೆ ಕೂರುವಂಥದ್ದು, ಹಳದಿ ಬಣ್ಣ. ದೋಣಿಗೆ 27 ಸಾವಿರ, ಲಾರಿ ಬಾಡಿಗೆ ಮೂರೂವರೆ. ಪಾರ್ಸೆಲ್ ಆಫೀಸಿಗೆ ಹೋದಾಗ ಅಲ್ಲಿನ ಗುಮಾಸ್ತರು ಅದನ್ನು ಸುತ್ತಲೂ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, ರಸೀದಿಯಲ್ಲಿ 'ಪ್ಲಾಸ್ಟಿಕ್ ಐಟಂ, ಉದ್ದ, 1' ಅಂತ ಬರೆದರು. ಗೂಡ್ಸ್ ಟೆಂಪೋದಲ್ಲಿ ಹಾಕಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಮನೆಗೆ ತಂದೆವು. ಟೆಂಪೋದವನು ಸೇರಿ ಇಬ್ಬರು ಇಳಿಸಿದ್ದರಿಂದ ಅದರ ತೂಕ ಆಗ ಗೊತ್ತಾಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಗೊತ್ತಾಯಿತು. 26 ಕೆಜಿ. ಬರೇ ನಂಬರ್ ನೋಡಿದರೆ ಏನೂ ಅನಿಸಲ್ಲ, ಅಕ್ಕಿ ಚೀಲ ಎತ್ತುವವರೇ ಅಲ್ವಾ ನಾವು? ಆದರೆ ಅಕ್ಕಿ ಚೀಲ ಹೆಗಲ ಮೇಲೆ ಕೂರುತ್ತೆ. ಹನ್ನೆರಡಡಿ ಉದ್ದದ 26 ಕೆಜಿ ಎಲ್ಲೂ ಕೂರಲ್ಲ. ಮನೆಯಿಂದ ಹೊಳೆಗೆ ತೋಟದ ನಡುವೆ ಇನ್ನೂರು ಹೆಜ್ಜೆ. ಮುಂದಿನ ತುದಿ ತೆಂಗಿನ ಮರಕ್ಕೆ ತಾಗಿದರೆ ಹಿಂದಿನ ತುದಿ ತಿರುಗಿ ಬಾಳೆಗೆ ಹೊಡೆಯುತ್ತೆ. ನಾಲ್ಕು ಕಡೆ ಇಳಿಸಿ, ಉಸಿರು ತಗೊಂಡು, ದೋಣಿ ನಿಲ್ಲಿಸುವ ದಕ್ಕೆ ತಲುಪುವಷ್ಟರಲ್ಲಿ ಬೆವರಿ ಒದ್ದೆಯಾಗಿದ್ದೆ.

ದಕ್ಕೆಯಲ್ಲಿ ಅಜ್ಜಯ್ಯ ಇದ್ದರು. ನನ್ನ ಅಜ್ಜಯ್ಯ ಅಲ್ಲ, ಹೊಳೆ ಬದಿಯ ಎಲ್ಲರಿಗೂ ಅಜ್ಜಯ್ಯ. ಎಪ್ಪತ್ತು ದಾಟಿದೆ. ಈಗಲೂ ತಮ್ಮ ಸಣ್ಣ ಮರದ ದೋಣಿಯಲ್ಲಿ ನಿಂತುಕೊಂಡೇ ಗಳ ಊರುತ್ತಾ ಹೋಗಿ ಬಲೆ ಬೀಸುತ್ತಾರೆ. ಕಯಾಕಿನ ಒಳಗೆ ಬಗ್ಗಿ ನೋಡಿದರು.

"ಹ್ವಾಯ್, ಇದ್ರಗೆ ಮೀನ್ ಹಾಕುದ್ ಎಲ್ಲಿ?"

ಮೀನು ಹಿಡಿಯುವುದಕ್ಕಲ್ಲ, ಸುಮ್ನೆ ಸುತ್ತಾಡುವುದಕ್ಕೆ ಅಂದೆ. ಅವರು ನನ್ನ ಕೈಯಲ್ಲಿದ್ದ ಹುಟ್ಟು ನೋಡಿದರು. "ಎರಡ್ ಬದಿಗೂ ಹುಟ್ಟಾ? ಕೈಗೆ ಬಿಡುವೇ ಇಲ್ಯಲೆ!"

ಆ ವಾರವೇ ಮಗುಚಿ ಬಿದ್ದೆ. ದೊಡ್ಡ ಕಾರಣವೇನೂ ಇಲ್ಲ. ಮಿಂಚುಳ್ಳಿಯೊಂದು ನೀರಿಗೆ ಬಿತ್ತು, ತಿರುಗಿ ನೋಡಿದೆ, ತಲೆಯ ಜೊತೆ ಮೈಯೂ ವಾಲಿತು. ನೀರು ಎದೆಮಟ್ಟ ಮಾತ್ರ ಇತ್ತು. ಮಗುಚಿದ ತಕ್ಷಣ ಕಾಲು ಹೊರಗೆ ಎಳೆದುಕೊಳ್ಳುವುದು ಕಷ್ಟವಾಗಲಿಲ್ಲ, ಮೈ ತಾನಾಗಿಯೇ ಹೊರಗೆ ಬರುತ್ತೆ. ಕಷ್ಟ ಆಮೇಲಿನದು. ಕಯಾಕಿನ ಒಳಗೆಲ್ಲ ನೀರು ತುಂಬಿತ್ತು. ಒಂದು ಲೀಟರ್ ಅಂದರೆ ಒಂದು ಕೆಜಿ. ನೂರು ಲೀಟರ್ ಹೋಗಿದ್ದರೂ ನೂರು ಕೆಜಿ. ದೊಡ್ಡ ಕಯಾಕ್‌ಗಳಲ್ಲಿ ಹಿಂದೆ ಮುಂದೆ ಅಡ್ಡಗೋಡೆ ಹಾಕಿ ಗಾಳಿ ಉಳಿಯುವ ಹಾಗೆ ಮಾಡಿರುತ್ತಾರೆ. ನನ್ನದರಲ್ಲಿ ಹಿಂದೆ ಮಾತ್ರ ಇತ್ತು, ಮುಂದೆ ಖಾಲಿ. ಹಾಗಾಗಿ ಮೂತಿ ನೀರೊಳಗೆ, ಬಾಲ ಆಕಾಶಕ್ಕೆ. ಅದನ್ನು ದಡಕ್ಕೆ ಎಳೆದು ತಂದು, ಅಮ್ಮನ ಅಡುಗೆಮನೆಯ ಚೊಂಬಿನಲ್ಲಿ ನೀರು ಖಾಲಿ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಹೊಳೆ ಮಧ್ಯದಲ್ಲಿ ಆಗಿದ್ದರೆ? ಮುಂದೆ ಯೋಚಿಸುವುದು ಬೇಡ ಅಂತ ಅಲ್ಲಿಗೇ ನಿಲ್ಲಿಸಿದೆ.

ಮೇಲೆ ಕೂರುವ ಕಯಾಕಿಗೆ ಈ ರಗಳೆ ಇಲ್ಲ. ಅದು ಗಾಳಿ ತುಂಬಿದ, ಮುಚ್ಚಿದ ಡಬ್ಬ. ಕೂರುವ ಗುಂಡಿಯಿಂದ ತಳದವರೆಗೂ ಸಣ್ಣ ತೂತು ಇಟ್ಟಿರುತ್ತಾರೆ. ಮೇಲೆ ಬಿದ್ದ ನೀರು ಅದರಲ್ಲಿ ತಾನೇ ಇಳಿದು ಹೋಗುತ್ತೆ. ಮಗುಚಿದರೆ ತಿರುಗಿಸಿ ಹತ್ತಿ ಕೂತರಾಯಿತು. ತೊಂದರೆ ಒಂದೇ, ಅದೇ ತೂತಿನಿಂದ ಸ್ವಲ್ಪ ನೀರು ಮೇಲೂ ಬರುತ್ತೆ, ಕುಂಡೆ ಯಾವಾಗಲೂ ಒದ್ದೆ. ಚಳಿ ದೇಶದಲ್ಲಿ ಅದು ಶಿಕ್ಷೆ, ನಮ್ಮ ಕರಾವಳಿಯ ಸೆಕೆಗೆ ಅದೇ ಸುಖ. ಏಪ್ರಿಲ್ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಕೂರುವ ಕಯಾಕಿನಲ್ಲಿ ಕಾಲು ಚಾಚಿ ಕೂತು ನೋಡಿ, ಇಡ್ಲಿ ಪಾತ್ರೆಯೊಳಗಿನ ಇಡ್ಲಿಯ ಕಷ್ಟ ಅರ್ಥವಾಗುತ್ತೆ.

ಎರಡನೆಯದನ್ನು ಕೊಳ್ಳುವಾಗ ವಿಡಿಯೋ ನೋಡಲಿಲ್ಲ. ಒಂದು ತಿಂಗಳು ಸುಮ್ಮನೆ ಮನೆಯ ಸುತ್ತ ಓಡಾಡಿದೆ. ಹಟ್ಟಿಯ ಒಳಗೋಡೆ ಮೂಲೆಯಿಂದ ಮೂಲೆಗೆ ಹತ್ತೂವರೆ ಅಡಿ. ಹಾಗಾದರೆ ಹತ್ತಡಿ ಒಳಗಿನ ಕಯಾಕ್. ನಾನೊಬ್ಬನೇ ಎತ್ತಬೇಕು, ವಯಸ್ಸು 44, ಇಡೀ ದಿನ ಕುರ್ಚಿಯಲ್ಲಿ ಕೂರುವ ಬೆನ್ನು. ಹಾಗಾದರೆ 20 ಕೆಜಿ, ಒಂದು ಗ್ರಾಂ ಜಾಸ್ತಿ ಬೇಡ. ಬಾಕಿ ಎಲ್ಲ ಆಮೇಲೆ. ಕೊನೆಗೆ ಸಿಕ್ಕಿದ್ದು ಒಂಬತ್ತೂವರೆ ಅಡಿಯದ್ದು, ಮೇಲೆ ಕೂರುವಂಥದ್ದು, 31 ಇಂಚು ಅಗಲ. 125 ಕೆಜಿ ತಡೆಯುತ್ತೆ ಅಂತ ಬರೆದಿತ್ತು. ಇದನ್ನು ಹಾಗೇ ನಂಬಬೇಡಿ. ಅಷ್ಟು ಭಾರ ಹಾಕಿದರೆ ಅದು ತೇಲುತ್ತೆ ಅಷ್ಟೆ, ಹುಟ್ಟು ಹಾಕುವ ಹಾಗಿರಲ್ಲ. ಬರೆದದ್ದರಲ್ಲಿ ನೂರಕ್ಕೆ ಎಪ್ಪತ್ತು ಹಿಡಿಯಬೇಕು. ನನ್ನದಕ್ಕೆ 87 ಬಂತು. ನಾನು 82. ನೀರಿನ ಬಾಟ್ಲಿ, ಚೀಲ, ಎರಡು ಬಾಳೆಹಣ್ಣು ಸೇರಿದರೆ ಅಲ್ಲಿಗೆ ಸರಿ.

ಗಿಡ್ಡ, ಅಗಲ ದೋಣಿ ನಿಧಾನ. ನೇರ ಹೋಗಲ್ಲ, ಪ್ರತಿ ಹುಟ್ಟಿಗೂ ಮೂತಿ ಎಡ ಬಲ ಆಡಿಸುತ್ತೆ. ಉದ್ದ, ಸಪೂರ ದೋಣಿ ಬಾಣದಂತೆ ಹೋಗುತ್ತೆ, ಆದರೆ ಕಾಂಡ್ಲಾ ಸಂದಿಯಲ್ಲಿ ತಿರುಗಿಸಲು ಹೋದರೆ ಬೇರಿಗೆ ಸಿಕ್ಕಿಕೊಳ್ಳುತ್ತೆ. ನಾನು ಹೋಗುವುದು ಸಂದಿಗಳಿಗೇ. ಗಂಟೆಗೆ ನಾಲ್ಕು ಕಿಲೋಮೀಟರ್ ಹೋದರೆ ನನಗೆ ಧಾರಾಳವಾಯಿತು, ಯಾರ ಮದುವೆಗೂ ತಡವಾಗುತ್ತಿಲ್ಲ.

ದುಡ್ಡು ಎಲ್ಲಿ ಹಾಕಬೇಕು ಅಂತ ಕೇಳಿದರೆ ಮಾತ್ರ ನಾನು ಹುಟ್ಟಿನ ಕಡೆ. ಮೊದಲ ಕಯಾಕಿನ ಜೊತೆ ಬಂದದ್ದು ಅಲ್ಯೂಮಿನಿಯಂ ಕೋಲಿನ, ಪ್ಲಾಸ್ಟಿಕ್ ಅಲಗಿನ ಭಾರದ ಹುಟ್ಟು. ಒಂದು ದಿನ ಎಣಿಸಿದೆ. ಆರಾಮಾಗಿ ಹೋದರೂ ನಿಮಿಷಕ್ಕೆ ಮೂವತ್ತು ಸಲ ಹಾಕುತ್ತೇನೆ. ಗಂಟೆಗೆ 1,800 ಸಲ. ಹುಟ್ಟು ಬರೇ 200 ಗ್ರಾಂ ಹಗುರವಾದರೂ ಗಂಟೆಗೆ 360 ಕೆಜಿ ಎತ್ತುವುದು ಉಳಿಯಿತು. ಹೊಸದು 230 ಸೆಂಟಿಮೀಟರ್ ಉದ್ದದ್ದು ತಗೊಂಡೆ. ಅಗಲದ ದೋಣಿಗೆ ಗಿಡ್ಡ ಹುಟ್ಟು ಹಿಡಿದರೆ ಪ್ರತಿ ಸಲ ಗೆಣ್ಣು ದೋಣಿಯ ಅಂಚಿಗೆ ಉಜ್ಜುತ್ತೆ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಅದು ಹುಟ್ಟಿನ ತಪ್ಪಲ್ಲ, ನಾನು ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಬೆರಳು ಸಡಿಲ ಬಿಟ್ಟು, ಕೈಯಿಂದ ಎಳೆಯುವ ಬದಲು ಸೊಂಟದ ಮೇಲಿನ ಮೈ ತಿರುಗಿಸಿದರೆ ನೋವೂ ಇಲ್ಲ, ಬೊಬ್ಬೆಯೂ ಇಲ್ಲ. ಇದನ್ನು ಓದಿದರೆ ಬರಲ್ಲ, ಸೋತಾಗ ತಾನೇ ಬರುತ್ತೆ.

ಲೈಫ್ ಜಾಕೆಟ್ ವಿಚಾರದಲ್ಲಿ ನನ್ನ ಹತ್ತಿರ ವಾದ ಮಾಡಬೇಡಿ. ನಮ್ಮ ಕಡೆ ಈಜು ಬರುವವರಿಗೆಲ್ಲ ಅದು ಅವಮಾನ. ನನಗೂ ಈಜು ಬರುತ್ತೆ, ದೇವಸ್ಥಾನದ ಕೆರೆಯಲ್ಲಿ ಕಲಿತದ್ದು. ಆದರೆ ಕೆರೆ ನಿಂತಲ್ಲಿ ನಿಂತಿರುತ್ತೆ. ಜಾಕೆಟ್ ಹಾಕಿ, ಅದಕ್ಕೊಂದು ಸೀಟಿ ಕಟ್ಟಿ. ಹೊಸ ಕಯಾಕ್ ಬಂದ ಮೊದಲ ದಿನ ನಾನು ಎಲ್ಲಿಗೂ ಹೋಗಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಬೇಕಂತಲೇ ಮಗುಚಿಸಿ ಹತ್ತುವುದನ್ನು ಕಲಿತೆ. ಮೊದಲು ಹೊಟ್ಟೆ ಅಡ್ಡ ಹಾಕಬೇಕು, ಆಮೇಲೆ ತಿರುಗಿ ಕುಂಡೆ, ಕೊನೆಗೆ ಕಾಲು. ಕಾಲು ಮೊದಲು ಹಾಕಲು ಹೋದರೆ ದೋಣಿ ಮತ್ತೆ ನಮ್ಮ ಮೇಲೇ ಬರುತ್ತೆ. ಏಳನೇ ಸಲಕ್ಕೆ ಸರಿಯಾಗಿ ಬಂತು. ದಡದಲ್ಲಿ ಮಳಿ (ಚಿಪ್ಪುಮೀನು) ಹೆಕ್ಕುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಅಷ್ಟು ಬಿಟ್ಟಿ ಮನರಂಜನೆ ಆ ದಡಕ್ಕೆ ಮತ್ತೆ ಸಿಕ್ಕಿಲ್ಲ.

ಇಷ್ಟೆಲ್ಲ ಕಲಿತವನಿಗೆ ಹೊಳೆಯ ಟೈಂಟೇಬಲ್ ಗೊತ್ತಿರಲಿಲ್ಲ ಅಂದರೆ ನಂಬುತ್ತೀರಾ? ಹೊಳೆ ಬದಿಯಲ್ಲೇ ಹುಟ್ಟಿದವನು ನಾನು. ಭರತ, ಇಳಿತ ಅನ್ನುವ ಮಾತು ಕೇಳಿಯೇ ಬೆಳೆದವನು. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ನಡುವೆ ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ. ಇದೆಲ್ಲ ಬಾಯಿಪಾಠ. ಆದರೆ ದಡದಲ್ಲಿ ಕೂತವನಿಗೆ ಅದು ನೋಟ, ನೀರಿಗಿಳಿದವನಿಗೆ ಅದೇ ರಸ್ತೆ.

ಒಂದು ದಿನ ಬೆಳಿಗ್ಗೆ ಆರೂವರೆಗೆ ಅಳಿವೆ ಕಡೆ ಹೊರಟೆ. ಅವತ್ತು ಕಯಾಕ್ ಹಾರಿತು. ಎರಡು ಹುಟ್ಟು ಹಾಕಿದರೆ ಹತ್ತು ಹುಟ್ಟಿನಷ್ಟು ದೂರ. ತಿಂಗಳಿಂದ ಕಷ್ಟಪಟ್ಟದ್ದು ಈಗ ಮೈಗೆ ಹತ್ತಿದೆ, ನಾನೇನು ಕಮ್ಮಿ ಪೈಲ್ವಾನನಲ್ಲ ಅಂದುಕೊಂಡೆ. ಏಳೂವರೆಗೆ ವಾಪಸು ತಿರುಗಿಸಿದೆ. ಆಗ ಗೊತ್ತಾಯಿತು ಪೈಲ್ವಾನ ಯಾರು ಅಂತ. ಇಳಿತದ ನೀರು ಸಮುದ್ರಕ್ಕೆ ಎಳೆಯುತ್ತಿತ್ತು. ಹತ್ತು ನಿಮಿಷ ಉಸಿರು ಕಟ್ಟಿ ಹುಟ್ಟು ಹಾಕಿ ದಡದ ಕಡೆ ನೋಡಿದರೆ ಅದೇ ವಾಲಿದ ತೆಂಗಿನ ಮರ, ಅದೇ ಮರದಡಿ ಅದೇ ನಾಯಿ. ಹರಿವು ಕಮ್ಮಿ ಇರುತ್ತೆ ಅಂತ ಕುದ್ರುವಿನ ಅಂಚಿಗೆ ಬಂದೆ. ಹರಿವು ಕಮ್ಮಿಯೇ ಇತ್ತು, ನೀರೂ ಕಮ್ಮಿ ಇತ್ತು. ಎಂಟು ಗಂಟೆಗೆ ಕಯಾಕ್ ಕೆಸರಿನ ಮೇಲೆ ಕೂತಿತು. ಇಳಿದು ಎಳೆಯೋಣ ಅಂತ ಒಂದು ಕಾಲಿಟ್ಟೆ, ಮೊಣಕಾಲಿನವರೆಗೆ ಹೋಯಿತು. ಕಾಲು ಬಂತು, ಚಪ್ಪಲಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಯ್ಯನ ದೋಣಿ ಆಚೆಯ ಹರಿವಿನಲ್ಲಿ ಕಾಣಿಸಿತು. ಕೂಗಿದೆ. ಅವರು ಗಳ ಊರಿ ನಿಂತು ನೋಡಿದರು. ಅವಸರ ಮಾಡಲಿಲ್ಲ.

"ಕೂಕಣಿ," ಅಂದರು. "ನೀರ್ ಬತ್ತ್."

ಕೂತಿರಿ, ನೀರು ಬರುತ್ತೆ ಅಂತ. ಅಷ್ಟು ಹೇಳಿ ಹೋದರು. ಮೂರೂವರೆ ಗಂಟೆ ಕೂತೆ. ಒಂಬತ್ತಕ್ಕೆ ಆಫೀಸಿನ ಮೀಟಿಂಗ್ ಇತ್ತು. ಫೋನಿನಲ್ಲಿ ಸೇರಿಕೊಂಡೆ, ಕ್ಯಾಮೆರಾ ಆಫ್. ಹಿಂದೆ ಏನೋ ಹಕ್ಕಿ ಕೂಗುತ್ತಿದೆಯಲ್ಲ ಅಂತ ಮ್ಯಾನೇಜರ್ ಕೇಳಿದರು, ಹಳ್ಳಿ ಮನೆ ಸಾರ್ ಅಂದೆ. ಬೆಳ್ಳಕ್ಕಿಗಳು ನನ್ನನ್ನು ಲೆಕ್ಕಕ್ಕೇ ಇಡದೆ ಹತ್ತಡಿ ದೂರದಲ್ಲಿ ಮೀನು ಹೆಕ್ಕುತ್ತಿದ್ದವು. ಕೆಸರಿನ ತೂತುಗಳಿಂದ ಏಡಿಗಳು ಒಂದೊಂದಾಗಿ ಹೊರಗೆ ಬಂದವು, ನಾನು ಕೆಮ್ಮಿದರೆ ಎಲ್ಲ ಒಟ್ಟಿಗೆ ಒಳಗೆ ಹೋದವು. ಹತ್ತು ಗಂಟೆ ಹೊತ್ತಿಗೆ ನೀರು ನಿಂತ ಹಾಗೆ ಕಂಡಿತು. ಆಮೇಲೆ ಕೆಸರಿನ ಸಣ್ಣ ಸಣ್ಣ ಗೀರುಗಳಲ್ಲಿ ದಾರದಂತೆ ನೀರು ವಾಪಸು ಬರತೊಡಗಿತು. ಹನ್ನೊಂದೂವರೆಗೆ ಕಯಾಕ್ ತಳದಲ್ಲಿ ಒಂದು ಸಲ ಅಲುಗಿತು. ವಾಪಸು ಬರುವಾಗ ಭರತದ ನೀರು, ಬೆನ್ನಿಗೆ ಸಮುದ್ರದ ಗಾಳಿ. ಹುಟ್ಟು ಹಾಕುವ ಕೆಲಸವೇ ಇರಲಿಲ್ಲ.

ಈಗ ನಾನು ಹೊರಡುವ ಹೊತ್ತು ನಾನು ಹೇಳಿದಂತಲ್ಲ, ನೀರು ಹೇಳಿದಂತೆ. ಇಳಿತದ ಕೊನೆಯ ಭಾಗದಲ್ಲಿ ಕೆಳಗೆ ಹೋಗಿ, ಭರತ ಶುರುವಾದ ಮೇಲೆ ಮೇಲೆ ಬರುವುದು. ಬಲೆ ಕಟ್ಟಿದ ಸಂದಿಗೆ ಹೋಗುವುದಿಲ್ಲ. ಥರ್ಮಾಕೋಲ್ ತುಂಡೋ, ಖಾಲಿ ಬಾಟ್ಲಿಯೋ ಸಾಲಾಗಿ ತೇಲುತ್ತಿದ್ದರೆ ಅದರಡಿ ಯಾರದೋ ಇಡೀ ರಾತ್ರಿಯ ದುಡಿಮೆ ಇದೆ ಅಂತ ಅರ್ಥ. ಮಳೆಗಾಲದ ನಾಲ್ಕು ತಿಂಗಳು ದೋಣಿ ಹೊರಗೇ ತೆಗೆಯುವುದಿಲ್ಲ. ಘಟ್ಟದ ಮೇಲೆ ಮಳೆ ಬಿದ್ದರೆ ಇಲ್ಲಿ ಹೊಳೆ ಕೆಂಪಾಗಿ, ಬುಡಸಮೇತ ಮರಗಳನ್ನು ಹೊತ್ತು ತರುತ್ತೆ.

ಆ ನಾಲ್ಕು ತಿಂಗಳು ಮತ್ತು ಉಳಿದೆಲ್ಲ ದಿನ ಅದು ಹಟ್ಟಿಯಲ್ಲಿ. "ದನ ಕಟ್ಟುವ ಜಾಗದಲ್ಲಿ ದೋಣಿ ಕಟ್ಟಿದ್ದಾನೆ, ಹಾಲು ಯಾವಾಗ ಕೊಡುತ್ತೋ" ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಾರೆ. ದನದಷ್ಟಲ್ಲದಿದ್ದರೂ ಇದಕ್ಕೂ ಚಾಕರಿ ಇದೆ. ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ ಅಂಗಳದ ಎರಡು ಕಲ್ಲಿನ ಮೇಲೆ ಇಟ್ಟು ಮರೆತೆ. ಸಂಜೆ ನೋಡಿದರೆ ಕಲ್ಲು ತಾಗಿದಲ್ಲಿ ತಳ ಒಳಗೆ ಕುಸಿದಿತ್ತು. ಈ ಪ್ಲಾಸ್ಟಿಕ್ಕು ಪಾಲಿಥೀನ್, ಬಿಸಿಗೆ ಮೆತ್ತಗಾಗುತ್ತೆ. ಅದಕ್ಕೆ ಮದ್ದೂ ಬಿಸಿಲೇ. ಮಾರನೇ ದಿನ ಬೋರಲು ಹಾಕಿ ಬಿಸಿಲಿಗೆ ಇಟ್ಟೆ, ಮಧ್ಯಾಹ್ನದ ಹೊತ್ತಿಗೆ ಕುಸಿದದ್ದು ಮುಕ್ಕಾಲುಪಾಲು ತಾನಾಗಿಯೇ ಎದ್ದು ಬಂತು. ಈಗ ಎರಡು ಅಗಲದ ಬೆಲ್ಟಿನ ಮೇಲೆ ಮಗ್ಗುಲಾಗಿ ಮಲಗುತ್ತೆ. ಹಿಡಿಕೆಯಿಂದ ನೇತು ಹಾಕಬಾರದು, ನಿಧಾನಕ್ಕೆ ಬಾಗುತ್ತೆ.

ಹೊಳೆಯಿಂದ ಬಂದ ಕೂಡಲೇ ಬಾವಿ ನೀರಿನಲ್ಲಿ ತೊಳೆಯಬೇಕು. ಹಿನ್ನೀರು ಅಂದರೆ ಅರ್ಧ ಉಪ್ಪುನೀರೇ, ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ನಾನು ತೊಳೆಯದೆ ಬಿಟ್ಟದ್ದು ಹುಟ್ಟಿನ ನಡುವಿನ ಜೋಡಣೆಯನ್ನು. ಮರಳು, ಉಪ್ಪು ಸೇರಿ ಎರಡು ತುಂಡು ಒಂದೇ ಆಗಿಬಿಟ್ಟವು. ಬಿಸಿನೀರು ಹಾಕಿ, ತೆಂಗಿನೆಣ್ಣೆ ಬಿಟ್ಟು, ಒಂದು ತುದಿ ನಾನು, ಇನ್ನೊಂದು ತುದಿ ಪಕ್ಕದ ಮನೆ ಹುಡುಗ ಹಿಡಿದು ಹಗ್ಗಜಗ್ಗಾಟ ಆಡಿದೆವು. ಬಿಟ್ಟುಕೊಂಡಾಗ ಇಬ್ಬರೂ ಅಂಗಳದಲ್ಲಿ ಬಿದ್ದಿದ್ದೆವು.

ತೋಟದ ಇನ್ನೂರು ಹೆಜ್ಜೆಗೆ ಊರಿನ ವೆಲ್ಡಿಂಗ್ ಅಂಗಡಿಯವರು ಹಳೇ ಮಕ್ಕಳ ಸೈಕಲಿನ ಎರಡು ಚಕ್ರ ಹಾಕಿ ಗಾಡಿ ಮಾಡಿಕೊಟ್ಟರು, 900 ರೂಪಾಯಿ. ನನ್ನ ಇಡೀ ಕಯಾಕ್ ಸಂಸಾರದಲ್ಲಿ ಅತಿ ಉಪಯೋಗದ ವಸ್ತು ಇದೇ. ಗಾಡಿ ಬಂದ ಮೇಲೆ ಕ್ಯಾಲೆಂಡರಿನ ಸುತ್ತು ಎರಡು ಪಟ್ಟಾಯಿತು. ವರ್ಷಕ್ಕೆ ಒಂದೆರಡು ಸಲ ಕಾರಿನ ಮೇಲೆ ಕಟ್ಟಿಕೊಂಡು ಕುಂದಾಪುರಕ್ಕೋ ಹೊನ್ನಾವರದ ಶರಾವತಿಗೋ ಹೋಗುತ್ತೇನೆ. ಮೊದಲ ಸಲ ಹೈವೇಯಲ್ಲಿ ಸ್ಪೀಡು ಏರಿಸಿದ ಕೂಡಲೇ ತಲೆ ಮೇಲೆ ದುಂಬಿ ಸಂತೆ ನೆರೆದ ಹಾಗೆ ಗುಂಯ್ ಅಂತ ಸದ್ದು. ಚಪ್ಪಟೆ ಬೆಲ್ಟು ಗಾಳಿಗೆ ನಡುಗುವ ಸದ್ದು ಅದು. ಕಟ್ಟುವಾಗ ಬೆಲ್ಟಿಗೆ ಒಂದು ತಿರುಚು ಕೊಟ್ಟರೆ ನಿಂತುಹೋಗುತ್ತೆ.

ಹಳದಿ ಕಯಾಕ್ ಮಾರಲು ನೋಡಿದೆ, ಯಾರೂ ತಗೊಳ್ಳಲಿಲ್ಲ. ಅಂಗಳದ ಮೂಲೆಯಲ್ಲಿ ಬೋರಲು ಬಿದ್ದಿದೆ. ಮೇ ತಿಂಗಳಲ್ಲಿ ಅಮ್ಮ ಅದರ ಬೆನ್ನ ಮೇಲೆ ಬಟ್ಟೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಾರೆ. ಇಳಿಜಾರು ಇರುವುದರಿಂದ ಬೇಗ ಒಣಗುತ್ತೆ ಅಂತ ಅವರ ಅಭಿಪ್ರಾಯ.

ಮೊನ್ನೆ ಬೆಂಗಳೂರಿನ ಗೆಳೆಯನೊಬ್ಬ ಫೋನ್ ಮಾಡಿದ. ಮಗಳಿಗೆ ರಜೆ, ಕಯಾಕ್ ತಗೋಬೇಕು ಅಂತಿದೀನಿ, ಯಾವುದು ಒಳ್ಳೇದು ಹೇಳು ಅಂದ.

"ನಿಮ್ಮ ಮನೆ ಯಾವ ಮಹಡಿ?" ಅಂತ ಕೇಳಿದೆ.

"ಮೂರನೇದು. ಯಾಕೆ?"

"ಲಿಫ್ಟ್ ಇದೆಯಾ?"

"ಇದೆ ಮಾರಾಯ. ನಾನು ಕೇಳಿದ್ದು ಕಯಾಕ್ ಬಗ್ಗೆ."

ಲಿಫ್ಟಿನ ಉದ್ದ ಅಗಲ ಅಳೆದು ಹೇಳು ಅಂದೆ. ಗಾಳಿ ತುಂಬುವ ಕಯಾಕ್ ಇದೆ, ಮಡಚಿ ಚೀಲಕ್ಕೆ ಹಾಕಬಹುದು, ಹಗುರ. ಗಾಳಿ ಬಂದರೆ ಎಲೆಯ ಹಾಗೆ ತಳ್ಳಿಕೊಂಡು ಹೋಗುತ್ತೆ, ಕಲ್ಲಿಗಂಟಿದ ಚಿಪ್ಪು ತಾಗಿದರೆ ಹರಿಯುತ್ತೆ, ಒಣಗಿಸದೆ ಮಡಚಿಟ್ಟರೆ ಬೂಸಲು ಬರುತ್ತೆ. ಅದನ್ನು ಹರಡಿ ಒಣಗಿಸಲು ಟೆರೇಸಿನ ಕೀ ಯಾರ ಹತ್ತಿರ ಇರುತ್ತೆ ಅಂತ ಕೇಳಿದೆ.

ಸ್ವಲ್ಪ ಹೊತ್ತು ಆಚೆ ಕಡೆ ಮಾತಿಲ್ಲ. ಆಮೇಲೆ ಅಪಾರ್ಟ್‌ಮೆಂಟ್ ಸೆಕ್ರೆಟರಿ ಹತ್ತಿರ ಅಂದ. ಅವರಿಗೂ ಇವನಿಗೂ ಪಾರ್ಕಿಂಗ್ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲವಂತೆ.